ಐದು ಒಲೆ ಹೊತ್ತಿಸಲು ಉಳಿದ ಮುದುಕ

ನನ್ನ ಮೊದಲ ಕಾದಂಬರಿಯ ನೂರಾ ಮೂರನೆಯ ಪುಟದಲ್ಲಿ ಒಬ್ಬ ಮುದುಕ ಎತ್ತಿನ ಗಾಡಿ ಹತ್ತಿ ಕೂರುತ್ತಾನೆ. ನಾನು ಬರೆದದ್ದು ಹಾಗಲ್ಲ. ನಾನು ಅವನನ್ನು ಊರಲ್ಲೇ ಬಿಟ್ಟಿದ್ದೆ. ಗಾಡಿ ಹತ್ತಿಸಿದವರು ನನ್ನ ಮಾಸ್ತರು. ಅದೂ ನನಗೊಂದು ಮಾತು ಹೇಳದೆ, ಪ್ರೂಫು ತಿದ್ದುವ ನೆಪದಲ್ಲಿ. ಆ ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ. ನನ್ನ ಹತ್ತಿರ ಉಳಿದಿರುವ ಒಂದೇ ಪ್ರತಿಯ ರಟ್ಟನ್ನು ಗೆದ್ದಲು ತಿಂದು ಮುಗಿಸಿದೆ. ಆದರೂ ಆ ಪುಟ ತೆರೆದರೆ ಮೊದಲು ಬರುವುದು ಸಿಟ್ಟೇ, ಉಳಿದದ್ದೆಲ್ಲ ಆಮೇಲೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬ್ಯಾಡಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ವಯಸ್ಸು ಇಪ್ಪತ್ತೇಳು. ಮದುವೆಯ ಮಾತು ತೆಗೆದವರ ಮೇಲೆಲ್ಲ ಹರಿಹಾಯುತ್ತಿದ್ದೆ. ಸುಗ್ಗಿಯಲ್ಲಿ ಪೇಟೆಗೆ ಮೆಣಸಿನಕಾಯಿ ಬಂತೆಂದರೆ ಇಡೀ ತರಗತಿ ಸೀನುತ್ತಿತ್ತು. ಮಗ್ಗಿ ಹೇಳಿಸಲು ನಿಂತರೆ ಎರಡು ಸಾಲಿಗೊಮ್ಮೆ ನನಗೇ ಸೀನು. ಅಂಥ ಊರಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಇನ್ನೂ ಹುಟ್ಟದ ಕಾಲದ ಒಂದು ಕೆಟ್ಟ ನಗರದ ಬಗ್ಗೆ ನಾನು ಕಾದಂಬರಿ ಬರೆಯುತ್ತಿದ್ದೆ. ಯಾಕೆ ಅಂತ ಕೇಳಿದರೆ ಈಗ ಉತ್ತರವಿಲ್ಲ. ಆಗ ಇತ್ತು, ಕೇಳದವರಿಗೂ ಹೇಳುತ್ತಿದ್ದೆ.

ನನ್ನ ನಗರದಲ್ಲಿ ಯಾವ ಮನೆಗೂ ಬಾಗಿಲಿಲ್ಲ. ಸರ್ಕಾರ ಎಲ್ಲ ಬಾಗಿಲುಗಳನ್ನೂ ಕಿತ್ತು ಒಯ್ದಿದೆ. ಊರ ನಡುವಿನ ಗೋಪುರದ ಮೇಲೆ ಒಬ್ಬ ಗುಮಾಸ್ತ ಕೂತು ದಿನಾ ಬೆಳಿಗ್ಗೆ ಒಲೆಗಳ ಹೊಗೆ ಎಣಿಸುತ್ತಾನೆ. ಯಾವ ಮನೆಯಿಂದ ಹೊಗೆ ಏಳಲಿಲ್ಲವೋ ಆ ಮನೆಯವರು ಓಡಿಹೋಗಿದ್ದಾರೆಂದು ಲೆಕ್ಕ. ಓದು ಬರಹ ಅಲ್ಲಿ ಅಪರಾಧ. ಒಬ್ಬ ಮುದುಕ ಐದು ಜನ ಎಳೆಯರಿಗೆ ಕದ್ದು ಅಕ್ಷರ ಕಲಿಸಿದ್ದಾನೆ. ಐವರೂ ಊರು ಬಿಟ್ಟು ಹೊರಡುತ್ತಾರೆ. ಮುದುಕ ಮಾತ್ರ ಉಳಿಯುತ್ತಾನೆ, ಮರುದಿನ ಬೆಳಿಗ್ಗೆ ಐವರ ಮನೆಯ ಒಲೆಗಳನ್ನೂ ತಾನೇ ಹೊತ್ತಿಸಿ ಗೋಪುರದ ಗುಮಾಸ್ತನ ಕಣ್ಣಿಗೆ ಮಣ್ಣೆರಚಲು. ‘ನೀವು ನಡೆಯಿರಿ, ನನ್ನ ದಾರಿ ಇಲ್ಲಿಗೇ ಮುಗಿಯಿತು’ ಎನ್ನುತ್ತಾನೆ. ಇದನ್ನು ಶಾಲೆಯ ಬಿಡುವಿನ ವೇಳೆಯಲ್ಲಿ ಓದಿ ಹೇಳಿದಾಗ ನಮ್ಮ ಶಾಲೆಯ ಮುಖ್ಯಸ್ಥೆ ಹೆಡ್‌ಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಅವತ್ತು ಪೇಟೆಗೆ ಮೆಣಸಿನಕಾಯಿಯೂ ಬಂದಿರಲಿಲ್ಲ.

ಆ ಮುದುಕನಿಗೆ ನಾನು ನನ್ನ ಮಾಸ್ತರ ಮುಖವನ್ನೇ ಕೊಟ್ಟಿದ್ದೆ. ಮುಚ್ಚುಮರೆ ಏನೂ ಇಲ್ಲ. ಮಾಸ್ತರ ಬಲ ಮೊಣಕಾಲಿನ ನೋವು, ಬಿದಿರಿನ ಕೋಲು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಕೆಂಪು ಪೆನ್ಸಿಲು, ಎಲ್ಲವೂ ಅವನಿಗಿದ್ದವು. ಹಾವೇರಿಯ ಹೈಸ್ಕೂಲಿನಲ್ಲಿ ಮೂರು ವರ್ಷ ನನಗೆ ಕನ್ನಡ ಕಲಿಸಿದವರು ಅವರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಎರಡರಲ್ಲೂ ತಪ್ಪು ಕಂಡರೆ ಸುಮ್ಮನಿರುವ ಆಸಾಮಿ ಅಲ್ಲ. ನಿವೃತ್ತಿಯಾದ ಮೇಲೆ ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದೆ ತಂಗಿಯ ಮನೆಯಲ್ಲಿ ಇದ್ದರು. ಮುಂದಿನ ಕೋಣೆ ಅವರದು. ನಾನು ಬರೆದ ಮೊದಲ ಕಥೆಯಿಂದ ಹಿಡಿದು ಎಲ್ಲವನ್ನೂ ಆ ಕೋಣೆಯಲ್ಲೇ ಕೂತು ಓದಿ ತೋರಿಸಿದ್ದೆ. ಅರ್ಧಕ್ಕರ್ಧ ಅಲ್ಲೇ ಹರಿದುಹಾಕಿದ್ದೆ. ಕಾದಂಬರಿಯನ್ನು ಮಾತ್ರ ತೋರಿಸಿರಲಿಲ್ಲ. ಅಚ್ಚಿನಲ್ಲೇ ಓದಿ ಅವರು ಬೆರಗಾಗಬೇಕು ಎಂಬ ಆಸೆ. ತನ್ನನ್ನು ಅಷ್ಟು ದೊಡ್ಡವನಾಗಿ ಮಾಡಿದ್ದನ್ನು ಕಂಡು ಯಾರಿಗೆ ತಾನೆ ಸಂತೋಷವಾಗುವುದಿಲ್ಲ ಎಂದುಕೊಂಡಿದ್ದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಅಚ್ಚಿನ ಕೆಲಸ ಶುರುವಾಗುವ ಎರಡು ತಿಂಗಳು ಮೊದಲು ಧಾರವಾಡದಿಂದ ನನಗೊಂದು ಕಾಗದ ಬಂದಿತ್ತು. ಹೊಸದಾಗಿ ಬರೆಯುವವರ ಒಂದು ಸಭೆ, ಬಂದು ಕಾದಂಬರಿಯ ಒಂದು ಭಾಗ ಓದಿ, ನಿಮಗೆ ಬರೆಯಲು ಕಲಿಸಿದ ಮಾಸ್ತರನ್ನೂ ಕರೆದುಕೊಂಡು ಬನ್ನಿ, ಇಬ್ಬರಿಗೂ ಉಳಿಯುವ ವ್ಯವಸ್ಥೆ ಮಾಡುತ್ತೇವೆ ಎಂದು ಬರೆದಿದ್ದರು. ನಾನು ಉತ್ತರ ಬರೆದೆ: ಮಾಸ್ತರಿಗೆ ಮೊಣಕಾಲು ನೋವು, ಅವರೇ ಬರುವುದಿಲ್ಲ ಎಂದಿದ್ದಾರೆ. ನಿಜವಾಗಿ ನಾನು ಅವರನ್ನು ಕೇಳಿರಲೇ ಇಲ್ಲ. ಕಾಗದ ಬಂದ ವಿಷಯವನ್ನೂ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಅವರ ಜೊತೆ ಒಂದು ಸಲ ಬಸ್ಸಿನಲ್ಲಿ ಹೋಗಿ ನೋಡಬೇಕು, ಆಗ ಗೊತ್ತಾಗುತ್ತದೆ. ಹಿಂದೊಮ್ಮೆ ಅವರ ಜೊತೆ ಕಾಗಿನೆಲೆಗೆ ಹೋಗಿದ್ದೆ. ಹತ್ತುವುದಕ್ಕೆ ಐದು ನಿಮಿಷ, ಇಳಿಯುವುದಕ್ಕೆ ಐದು ನಿಮಿಷ, ಅದು ಇರಲಿ. ಕಂಡಕ್ಟರನ ಮುಖ ನೋಡಿ ‘ನೀ ಯಾರ ಮಗ’ ಎಂದು ಶುರುಮಾಡಿದರು. ಅವನ ಅಪ್ಪ ಇವರ ಶಿಷ್ಯನೇ ಆಗಿದ್ದ. ಅಪ್ಪ ಯಾವ ವಿಷಯದಲ್ಲಿ ಫೇಲಾಗಿದ್ದ ಎಂಬುದನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು. ಚಹಾದ ಅಂಗಡಿಗೆ ಹೋದರೆ ಚೀಲದಿಂದ ತಮ್ಮದೇ ಗಾಜಿನ ಲೋಟ ತೆಗೆದು ಇದರಲ್ಲೇ ಹಾಕು ಎಂದರು. ನಾನು ಯಾರ ಜೊತೆಯಾದರೂ ಮಾತಾಡಿದರೆ ನಡುವೆ ಬಾಯಿ ಹಾಕಿ ನನ್ನ ವಾಕ್ಯ ತಿದ್ದಿದರು. ಅಂಥವರನ್ನು ಧಾರವಾಡದ ದೊಡ್ಡ ಮಂದಿಯ ಎದುರು ಕೂರಿಸಿ, ಅವರ ಮುಂದೆ ನಾನು ಓದುವುದು ಎಂದರೆ ನನಗೆ ನಡುಕ. ಒಬ್ಬಳೇ ಹೋದೆ. ಮುದುಕ ಉಳಿಯುವ ಅಧ್ಯಾಯವನ್ನೇ ಓದಿದೆ. ಚಪ್ಪಾಳೆ ಬಿತ್ತು. ಖುಷಿಯಾಗಿ ವಾಪಸ್ಸು ಬಂದೆ.

ಆಮೇಲೆ ರಾಣೆಬೆನ್ನೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು ಶುರುವಾಯಿತು. ಯಜಮಾನರೇ ಮೊಳೆ ಜೋಡಿಸುವವರು, ಅವರೇ ಮಷಿನ್ನು ನಡೆಸುವವರು. ಆಗಿನ ಪದ್ಧತಿ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಆ ಪ್ರೆಸ್ಸಿನಲ್ಲಿ ಎಂಟು ಪುಟಕ್ಕೆ ಸಾಲುವಷ್ಟು ಮೊಳೆಗಳು ಮಾತ್ರ ಇದ್ದವು. ಎಂಟು ಪುಟ ಜೋಡಿಸಬೇಕು, ಪ್ರೂಫು ತೆಗೆಯಬೇಕು, ತಿದ್ದಬೇಕು, ಎಲ್ಲ ಪ್ರತಿಗೂ ಬೇಕಾದಷ್ಟು ಅಚ್ಚು ಹಾಕಬೇಕು. ಆಮೇಲೆ ಮೊಳೆಗಳನ್ನೆಲ್ಲ ಬಿಚ್ಚಿ ಅವುಗಳ ಖಾನೆಗೆ ಹಾಕಿ ಮುಂದಿನ ಎಂಟು ಪುಟ ಜೋಡಿಸಬೇಕು. ಒಮ್ಮೆ ಬಿಚ್ಚಿದರೆ ಹಿಂದಿನ ಪುಟ ಹೋದಂತೆಯೇ. ಕಾಗದವೂ ಹುಬ್ಬಳ್ಳಿಯಿಂದ ಎಣಿಸಿ ತರಿಸಿದ್ದು, ಹೆಚ್ಚಿಗೆ ಒಂದು ಹಾಳೆಯಿಲ್ಲ.

ಪ್ರೂಫು ತಿದ್ದುವ ಕೆಲಸವನ್ನು ನಾನೇ ಮಾಸ್ತರಿಗೆ ಒಪ್ಪಿಸಿದ್ದೆ. ಅವರಿಗಿಂತ ಒಳ್ಳೆಯ ಕಣ್ಣು ಈ ಮೂರೂರಲ್ಲಿ ಇರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ರಸ್ತೆ. ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ಬಸ್ಸುಗಳು ಹೆದ್ದಾರಿ ಹಿಡಿದು ಮೋಟೆಬೆನ್ನೂರಿನ ಮೇಲೆ ಹಾದು ಹೋಗುತ್ತವೆ, ಬ್ಯಾಡಗಿ ಒಳಗೆ ಉಳಿಯುತ್ತದೆ. ಯಜಮಾನರು ಒದ್ದೆ ಪ್ರೂಫನ್ನು ಸುರುಳಿ ಸುತ್ತಿ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಹಾವೇರಿ ಸ್ಟ್ಯಾಂಡಿನಲ್ಲಿ ಮಾಸ್ತರು ಇಸಿದುಕೊಂಡು, ತಿದ್ದಿ, ಮರುದಿನದ ಬಸ್ಸಿಗೆ ವಾಪಸ್ಸು ಕಳಿಸುತ್ತಿದ್ದರು. ನನ್ನ ಪುಸ್ತಕ ದಿನಾ ನನ್ನ ಊರಿನ ಪಕ್ಕದಲ್ಲೇ ಹಾದು ಹೋಗುತ್ತಿತ್ತು, ನಾನು ಅದನ್ನು ನೋಡುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ರಾಣೆಬೆನ್ನೂರಿಗೆ ಹೋದಾಗ, ಆ ವಾರ ಅಚ್ಚಾದ ಹಾಳೆಗಳನ್ನು ನೋಡುವುದಷ್ಟೇ ನನ್ನ ಪಾಲು.

ಎಂಟೆಂಟು ಪುಟದ ಹನ್ನೆರಡು ಫಾರಂ ಚೆನ್ನಾಗಿಯೇ ಆದವು. ಹದಿಮೂರನೆಯದು ಅಚ್ಚಾದ ಶನಿವಾರ ನಾನು ಹೋಗುವ ಹೊತ್ತಿಗೆ ಹಾಳೆಗಳ ಅಟ್ಟಿ ಗೋಡೆಗೆ ಒರಗಿತ್ತು. ಮುದುಕ ಉಳಿಯುವ ಪುಟ ಅದರಲ್ಲೇ ಇತ್ತು. ನೆಲದ ಮೇಲೆ ಕೂತು, ಹಾಳೆ ತಿರುಗಿಸಿ ನೂರಾ ಮೂರಕ್ಕೆ ಬಂದೆ. ಓದಿದೆ. ಇನ್ನೊಮ್ಮೆ ಓದಿದೆ. ಮುದುಕ ಕೋಲು ಮೊದಲು ಗಾಡಿಯೊಳಗೆ ಎಸೆದು, ಆಮೇಲೆ ತಾನು ಹತ್ತಿ, ‘ಸರೀರಿ ಅತ್ತಾಗ’ ಎಂದು ಐವರ ನಡುವೆ ಜಾಗ ಮಾಡಿಕೊಂಡು ಕೂತಿದ್ದ. ನನ್ನ ಹನ್ನೊಂದು ಸಾಲು ಹೋಗಿ ಅವರ ಹನ್ನೊಂದು ಸಾಲು ಬಂದಿದ್ದವು. ಹನ್ನೊಂದಕ್ಕೆ ಹನ್ನೊಂದು, ಒಂದು ಸಾಲು ಹೆಚ್ಚಿಲ್ಲ ಕಡಿಮೆಯಿಲ್ಲ. ಮೊಳೆ ಜೋಡಿಸುವವರಿಗೆ ತೊಂದರೆಯಾಗಬಾರದು ಎಂಬ ಕಾಳಜಿ ಬೇರೆ.

ಯಜಮಾನರನ್ನು ಕೇಳಿದರೆ ಅವರು ಕೆಲಸ ನಿಲ್ಲಿಸದೆ ಉತ್ತರ ಕೊಟ್ಟರು. ಮಾಸ್ತರು ಕೆಂಪು ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದರು, ಪ್ರೂಫಿನಲ್ಲಿ ಇದ್ದದ್ದನ್ನು ತಾವು ಜೋಡಿಸಿದರು, ಅಷ್ಟೆ. ಹೀಗೆ ಹೇಳುತ್ತಲೇ ಅವರ ಬೆರಳು ಆ ಪುಟದ ಮೊಳೆಗಳನ್ನು ಒಂದೊಂದಾಗಿ ಖಾನೆಗೆ ಹಾಕುತ್ತಿತ್ತು. ನನ್ನ ಕಣ್ಣೆದುರೇ ಮುದುಕ, ಗಾಡಿ, ಕೋಲು ಎಲ್ಲ ಬಿಚ್ಚಿ ಹೋದವು. ಆ ಪುಟ ಮತ್ತೆ ಹಾಕಲು ಕಾಗದ ಇಲ್ಲ ಎಂದರು. ಹತ್ತು ದಿನದಲ್ಲಿ ಮುಂದಿನ ಭಾಗ ಕೊಡದಿದ್ದರೆ ಲಗ್ನಪತ್ರಿಕೆಗಳ ಕೆಲಸ ಶುರುವಾಗುತ್ತದೆ, ಆಮೇಲೆ ಎರಡು ತಿಂಗಳು ನಿಮ್ಮ ಪುಸ್ತಕ ಮುಟ್ಟುವುದಿಲ್ಲ ಎಂದೂ ಹೇಳಿದರು.

ನನ್ನ ಸ್ಥಿತಿ ನೋಡಿ. ನೂರಾ ನಾಲ್ಕು ಪುಟ ಅಚ್ಚಾಗಿದೆ, ಅದರಲ್ಲಿ ಮುದುಕ ಗಾಡಿಯಲ್ಲಿದ್ದಾನೆ. ಇನ್ನುಳಿದ ಐದು ಅಧ್ಯಾಯ ಕೈಬರಹದಲ್ಲಿದೆ, ಅದರಲ್ಲಿ ಮುದುಕನೇ ಇಲ್ಲ. ಇದ್ದದ್ದು ಬರೀ ಅವನ ನೆನಪು. ಐವರೂ ಹೊಳೆಯ ದಂಡೆಯಲ್ಲಿ ಕೂತು ಅವನನ್ನು ನೆನೆದು ಎರಡೂವರೆ ಪುಟ ಅಳುತ್ತಾರೆ. ಪಕ್ಕದಲ್ಲೇ ಕೂತವನನ್ನು ನೆನೆದು ಅಳುವುದು ಹೇಗೆ? ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಮಧ್ಯಾಹ್ನ ಹಾವೇರಿ ಬಸ್ಸು ಹತ್ತಿದೆ.

ಮಾಸ್ತರು ತಮ್ಮ ಕೋಣೆಯಲ್ಲಿ ಅಡಕೊತ್ತು ಹಿಡಿದು ಅಡಿಕೆ ಕತ್ತರಿಸುತ್ತ ಕೂತಿದ್ದರು. ನಾನು ಬರುತ್ತೇನೆಂದು ಗೊತ್ತಿದ್ದವರ ಹಾಗೆ ಕುರ್ಚಿ ತೋರಿಸಿದರು. ನಾನು ಕೂರದೆ ಹಾಳೆಯನ್ನು ಅವರ ಮುಂದೆ ಹಿಡಿದು, ಇದೇನು ಮಾಡಿದಿರಿ ಎಂದೆ. ಅವರು ಹಾಳೆಯ ಕಡೆ ನೋಡಲೂ ಇಲ್ಲ.

“ಅಂವಾ ಯಾಕ ಉಳೀಬೇಕು, ಅದನ್ನ ಹೇಳು ಮೊದಲ.”

ನಾನು ಹೇಳಿದೆ. ಗೋಪುರ, ಗುಮಾಸ್ತ, ಐದು ಒಲೆ, ಹೊಗೆ. ಮಕ್ಕಳಿಗೆ ಪಾಠ ಹೇಳುವವಳಂತೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಅಡಿಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡರು.

“ಕುಳ್ಳಿನ ಮ್ಯಾಲೆ ಹಸಿ ಹೊಟ್ಟು ಸುರುವಿ, ಮ್ಯಾಲೆ ಬೂದಿ ಮುಚ್ಚಿ ಬಿಟ್ಟರ ಮರುದಿನ ಸಂಜೀತನಾ ಹೊಗಿ ಏಳತೈತಿ. ಅದಕ್ಕ ಒಂದು ಜೀವ ಯಾಕ ಬೇಕು?”

ಒಳಗಿನಿಂದ ಅವರ ತಂಗಿಯೂ ಹೌದೆಂದರು, ಹಸಿ ಹೊಟ್ಟು ಸಿಗದಿದ್ದರೆ ಕಬ್ಬಿನ ಸಿಪ್ಪೆಯೂ ನಡೆಯುತ್ತದೆ ಎಂದು ಸೇರಿಸಿದರು. ನನಗೆ ತಲೆ ಚಿಟ್ಟು ಹಿಡಿಯಿತು. ಒಂದು ವರ್ಷ ಕೂತು ಕಟ್ಟಿದ ತ್ಯಾಗವನ್ನು ಅಣ್ಣ ತಂಗಿ ಇಬ್ಬರೂ ಸೇರಿ ಐದು ಬುಟ್ಟಿ ಸಗಣಿ ಕುಳ್ಳಿನಲ್ಲಿ ಮುಗಿಸಿಬಿಟ್ಟಿದ್ದರು. ಒಲೆಯ ಮಾತಲ್ಲ ಸರ್, ಅದು ಅವನ ತ್ಯಾಗ, ಅವನು ತಾನಾಗಿಯೇ ಉಳಿಯುತ್ತಾನೆ, ಅವನೇ ಮಾಡಿದ ನಿರ್ಧಾರ ಎಂದೆ. ನನ್ನ ದನಿ ಏರಿತ್ತು. ಅವರ ದನಿ ಏರಲಿಲ್ಲ.

“ಅಂವಾ ನಿರ್ಧಾರ ಮಾಡಿದ್ದು ಯಾವ ಪುಟದಾಗ ಐತಿ? ನಾ ಎಲ್ಲಾ ಹುಡುಕೇನಿ. ಐದೂ ಮಂದಿ ನೀವ ನೀವ ಮಾತಾಡಿಕೊಂಡ್ರಿ, ಗಾಡಿ ಹೂಡಿದ್ರಿ, ಕಡೀಕ ಅಂವಗ ಹೇಳಾಕ ಬಂದ್ರಿ. ನೀನೂ ಬರ್ತಿಯೇನು ಅಂತ ಒಬ್ಬರರೆ ಕೇಳಿದ್ರೇನು?”

ಇದು ನನ್ನ ಪುಸ್ತಕ ಎಂದೆ. ಅದೊಂದೇ ಉಳಿದಿತ್ತು ಹೇಳಲು.

“ಪುಸ್ತಕ ನಿಂದ ಐತಿ ತಂಗಿ. ಮುದುಕ ನಾನ ಅದೇನಿ.”

ಅವರ ತಂಗಿ ತಂದಿಟ್ಟ ಚಹಾ ಮುಟ್ಟದೆ ಎದ್ದು ಬಂದೆ. ಆ ಮನೆಯಲ್ಲಿ ಹಾಗೆ ಎದ್ದು ಬಂದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವರಿಗೆ ಹೇಳಬೇಕಾಗಿದ್ದ ಒಳ್ಳೊಳ್ಳೆಯ ಉತ್ತರಗಳು ಒಂದರ ಹಿಂದೆ ಒಂದು ಹೊಳೆಯುತ್ತಿದ್ದವು. ಪ್ರೂಫು ತಿದ್ದಲು ಕೊಟ್ಟರೆ ಕಥೆಯನ್ನೇ ತಿದ್ದುವುದಕ್ಕೆ ಇವರ್ಯಾರು? ಇವರಿಗೆ ಇನ್ನೊಮ್ಮೆ ಒಂದು ಹಾಳೆ ತೋರಿಸಿದರೆ ಕೇಳಿ ಎಂದುಕೊಂಡೆ. ಆದರೆ ಹತ್ತು ದಿನದ ಗಡುವು ಮಾತ್ರ ಹಾಗೆಯೇ ಇತ್ತು.

ಬರೆಯಲು ಕೂತೆ. ಬೆಳಿಗ್ಗೆ ಶಾಲೆಗೆ ಮೊದಲು ಎರಡು ತಾಸು, ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ. ಆ ಮುದುಕ ನನ್ನನ್ನು ಕಾಡಿದ ಹಾಗೆ ನನ್ನ ತರಗತಿಯ ನಲವತ್ತು ಮಕ್ಕಳೂ ಕಾಡಿರಲಿಲ್ಲ. ಅವನನ್ನು ಕೂರಿಸಿದ್ದರಿಂದ ಗಾಡಿ ನಿಧಾನವಾಯಿತು. ತಾಸಿಗೊಮ್ಮೆ ಇಳಿಯಬೇಕು ಎನ್ನುತ್ತಾನೆ. ಕಟಕಲು ರೊಟ್ಟಿ ಅವನ ಹಲ್ಲಿಗೆ ಆಗುವುದಿಲ್ಲ, ನೀರಲ್ಲಿ ನೆನೆಸಿ ಕೊಡಬೇಕು. ನನ್ನ ಮೊದಲ ಬರಹದಲ್ಲಿ ಐವರೂ ಅರ್ಧ ಪುಟದಲ್ಲಿ ಹೊಳೆ ದಾಟಿಬಿಟ್ಟಿದ್ದರು. ಈಗ ಆ ಮೊಣಕಾಲು ಇಟ್ಟುಕೊಂಡು ಅವನನ್ನು ದಾಟಿಸುವುದು ಹೇಗೆ ಎಂದು ಒಂದು ಇಡೀ ದಿನ ತಲೆ ಕೆರೆದುಕೊಂಡೆ. ಸಿಟ್ಟಿಗೆ ಮಾಸ್ತರ ಒಂದೊಂದು ಕೆಟ್ಟ ಚಾಳಿಯನ್ನೂ ತಂದು ಅವನ ಮೇಲೆ ಹೇರಿದೆ. ಅವನಿಗೊಂದು ಸ್ವಂತ ಲೋಟ ಕೊಟ್ಟೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಯಾರ ಮಗ ಎಂದು ಕೇಳಿಸಿದೆ, ಅದೂ ಗುರುತು ಸಿಕ್ಕರೆ ಪ್ರಾಣ ಹೋಗುವ ದಾರಿಯಲ್ಲಿ.

ನಾಲ್ಕನೆಯ ದಿನವೋ ಐದನೆಯ ದಿನವೋ ಒಂದು ವಿಚಿತ್ರ ಕಂಡಿತು. ಅಲ್ಲಿಯವರೆಗೆ ನನ್ನ ಐವರೂ ಒಂದೇ ಬಾಯಲ್ಲಿ ಮಾತಾಡುತ್ತಿದ್ದರು. ಯಾರ ಮಾತನ್ನು ಯಾರ ಬಾಯಲ್ಲಿಟ್ಟರೂ ನಡೆಯುತ್ತಿತ್ತು. ಈಗ ಒಬ್ಬ ಮುದುಕನ ಮೇಲೆ ರೇಗುತ್ತಿದ್ದ. ಇನ್ನೊಬ್ಬ ತನ್ನ ಪಾಲಿನ ನೀರನ್ನು ಅವನಿಗೆ ಕೊಟ್ಟು ನನಗೆ ಬಾಯಾರಿಕೆಯಿಲ್ಲ ಎಂದು ಸುಳ್ಳು ಹೇಳಿದ. ಒಬ್ಬಳು ಅವನನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿದಳು, ದಾಟುವಾಗ ಅವನು ಅವಳ ಕಿವಿಯಲ್ಲಿ ಹೆಜ್ಜೆ ಎಲ್ಲಿಡಬೇಕೆಂದು ಉಪದೇಶ ಮಾಡುತ್ತಲೇ ಇದ್ದ. ಮುದುಕ ಬಂದ ಮೇಲೆಯೇ ಅವರು ಐದು ಜನ ಆದದ್ದು. ನನಗೆ ಇದು ಸ್ವಲ್ಪವೂ ಇಷ್ಟವಾಗಲಿಲ್ಲ, ಯಾಕೆಂದರೆ ಮಾಸ್ತರ ಮಾತು ಸರಿ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮುದುಕ ದೊಡ್ಡವನು ಎಂದು ನಾನು ಅವನನ್ನು ಊರಲ್ಲಿ ಬಿಟ್ಟಿರಲಿಲ್ಲ. ಆ ಪುಟದಿಂದ ಮುಂದೆ ಅವನನ್ನು ಸಂಭಾಳಿಸುವುದು ಹೇಗೆಂದು ಗೊತ್ತಿರದೆ ಬಿಟ್ಟಿದ್ದೆ. ಬಿಟ್ಟು, ಅದಕ್ಕೊಂದು ಚೆಂದದ ಮಾತನ್ನು ಅವನ ಬಾಯಲ್ಲೇ ಇಟ್ಟಿದ್ದೆ.

ಹತ್ತನೆಯ ದಿನ ಶಾಲೆಗೆ ರಜೆ ಹಾಕಿದೆ. ಐದು ಅಧ್ಯಾಯಗಳನ್ನೂ ಹಿಡಿದುಕೊಂಡು ಮೊದಲು ಹಾವೇರಿಗೆ ಹೋದೆ. ಇನ್ನು ಮುಂದೆ ಪ್ರೂಫಿನಲ್ಲಿ ತಿದ್ದುವುದು ಬೇಡ, ತಿದ್ದುವುದಿದ್ದರೆ ನನ್ನ ಎದುರಿಗೇ ತಿದ್ದಲಿ ಎಂಬ ಹಟ. ಮಾಸ್ತರು ನಮಾಜಿಗೆ ಹೋಗಿದ್ದರು. ಅವರ ತಂಗಿ ಕೋಣೆಯಲ್ಲಿ ಕೂರಿಸಿ ಒಳಗೆ ಹೋದರು. ಬಾಗಿಲ ಪಕ್ಕದ ಗೋಡೆಗೆ, ಬಂದ ಕಾಗದಗಳನ್ನೆಲ್ಲ ಚುಚ್ಚಿಡುವ ತಂತಿ ನೇತಾಡುತ್ತಿತ್ತು. ಎಲ್ಲರ ಮನೆಯಲ್ಲೂ ಇರುವಂಥದ್ದು. ಅದರ ತೀರ ಮೇಲೆ ಒಂದು ಕಾರ್ಡು ಇತ್ತು. ಧಾರವಾಡದ ಆ ಸಭೆಯವರ ಅಕ್ಷರ ನನಗೆ ಗುರುತಾಯಿತು. ಸಭೆಗೆ ನೀವು ಬರುತ್ತೀರೆಂದು ಕಾದಿದ್ದೆವು, ನೀವೇ ಬರುವುದಿಲ್ಲ ಎಂದಿರೆಂದು ನಿಮ್ಮ ಶಿಷ್ಯೆ ಬರೆದಿದ್ದಾರೆ, ಮೊಣಕಾಲು ಬೇಗ ವಾಸಿಯಾಗಲಿ ಎಂದು ಬರೆದಿದ್ದರು. ಅಂಚೆಯ ಮುದ್ರೆ ನೋಡಿದೆ. ಹದಿಮೂರನೆಯ ಫಾರಮ್ಮಿಗಿಂತ ಎಷ್ಟೋ ಮೊದಲಿನದು. ಹತ್ತು ದಿನದ ಹಿಂದೆ ಇದೇ ತಂತಿಯ ಪಕ್ಕದಲ್ಲಿ ನಿಂತು ನಾನು ‘ಅವನೇ ಮಾಡಿದ ನಿರ್ಧಾರ’ ಎಂದು ಕೂಗಾಡಿದ್ದೆ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಇದನ್ನು ನೇರವಾಗಿ ಕೇಳಿದ್ದರೆ ಏನಾಗುತ್ತಿತ್ತು ಇವರಿಗೆ ಎಂದು. ಒಂದು ಬೈಗುಳ ಬೈದಿದ್ದರೆ ಮುಗಿದುಹೋಗುತ್ತಿತ್ತು. ಅದು ಬಿಟ್ಟು ನನ್ನ ಕಾದಂಬರಿಗೆ ಕೈ ಹಾಕಬೇಕಿತ್ತೆ?

ಅವರು ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿದರು. ನಾನು ಕುರ್ಚಿಯಿಂದ ಎದ್ದು ನಿಂತೆ.

“ಧಾರವಾಡಕ್ಕ ಬರ್ತೀರೇನು ಅಂತ ನಾ ನಿಮಗ ಕೇಳಲಿಲ್ಲ ಸರ್. ಕೇಳಬೇಕಿತ್ತು.”

ಅವರು ತಂತಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ‘ಹೂಂ’ ಎಂದರು. ಅಷ್ಟೆ. ಆಮೇಲೆ ಅಧ್ಯಾಯಗಳನ್ನು ಕೊಡು ಎಂದು ಕೈ ಚಾಚಿದರು. ಸಂಜೆಯವರೆಗೆ ಕೂತು ಪೂರ್ತಿ ಓದಿದರು. ಅಂಥ ಹೊಳೆಗೆ ಮುದುಕನನ್ನು ಬೆನ್ನ ಮೇಲೆ ಹೊತ್ತರೆ ಇಬ್ಬರೂ ಮುಳುಗುತ್ತಾರೆ, ಎಮ್ಮೆಯ ಬಾಲ ಹಿಡಿಸಿ ದಾಟಿಸು ಎಂದರು. ನಾನು ಆಗುವುದಿಲ್ಲ ಎಂದೆ. ಅರ್ಧ ತಾಸು ಜಗಳವಾಡಿದೆವು. ಕೊನೆಗೆ ಅವಳೇ ಹೊತ್ತಳು, ಆದರೆ ಹೊಳೆಯ ನೀರನ್ನು ಸೊಂಟಕ್ಕಿಂತ ಕೆಳಗೆ ಇಳಿಸಿದೆ. ಅವತ್ತು ಎರಡು ಲೋಟ ಚಹಾ ಕುಡಿದು ಎದ್ದೆ.

ಪುಸ್ತಕ ಬೇಸಿಗೆ ರಜೆಯಲ್ಲಿ ಬಂತು. ಧಾರವಾಡದವರು ತಾವೇ ಬಿಡುಗಡೆ ಮಾಡುತ್ತೇವೆ ಎಂದು ಬರೆದರು. ಕಾರ್ಡು ಕೈಗೆ ಸಿಕ್ಕಿದ ದಿನವೇ ಹಾವೇರಿಗೆ ಹೋದೆ. ಈ ಸಲ ಎಲ್ಲ ಕ್ರಮಪ್ರಕಾರ. ಅವರ ಎದುರು ಕೂತು, ಕಾರ್ಡು ಓದಿ ಹೇಳಿ, ನೀವು ನನ್ನ ಜೊತೆ ಬರಬೇಕು ಎಂದೆ. ಲೋಟ ತನ್ನಿ, ಕಂಡಕ್ಟರನ ಅಪ್ಪನ ಮಾರ್ಕ್ಸು ಹೇಳಿ, ಸಭೆಯ ನಡುವೆ ಎದ್ದು ನಿಂತು ನನ್ನ ವಾಕ್ಯ ತಿದ್ದಿ, ಏನಾದರೂ ಮಾಡಿ, ಆದರೆ ಬನ್ನಿ ಎಂದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ನಾ ಬರಂಗಿಲ್ಲ.”

ಮೊಣಕಾಲಿಗಾಗಿಯೇ ಎಂದು ಕೇಳಿದೆ. ಮೊಣಕಾಲು ಚೆನ್ನಾಗಿದೆ ಎಂದರು. ಮತ್ತೆ ಯಾಕೆ ಎಂದರೆ, ಆ ಸಭೆಗಳಲ್ಲಿ ಕಟ್ಟಿಗೆ ಕುರ್ಚಿಯ ಮೇಲೆ ಮೂರು ತಾಸು ಕೂತು ಒಬ್ಬರನ್ನೊಬ್ಬರು ಹೊಗಳುವುದನ್ನು ಕೇಳುವುದೆಂದರೆ ತಮಗೆ ಮೊದಲಿನಿಂದಲೂ ಬೇಸರ, ಒಲ್ಲೆ ಎಂದರು. ಹಾಗಾದರೆ ಹಿಂದಿನ ಸಲ ನಾನು ಕೇಳಿದ್ದರೆ ಬರುತ್ತಿದ್ದಿರಾ ಎಂದೆ.

“ಆವಾಗೂ ಬರತಿದ್ದಿಲ್ಲ. ಆದ್ರ ಬರಂಗಿಲ್ಲ ಅಂತ ನಾ ಅಂತಿದ್ದೆ, ನೀ ಅಲ್ಲ.”

ನನಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಇಷ್ಟಕ್ಕಾಗಿ ನನ್ನ ಐದು ಅಧ್ಯಾಯ, ಹತ್ತು ದಿನ, ಎರಡು ಬಾಟಲಿ ಮಸಿ. ಗೋಗರೆದೆ. ರೇಗಿದೆ. ಅವರ ತಂಗಿಯಿಂದಲೂ ಹೇಳಿಸಿದೆ. ಒಂದು ವಾರ ಬಿಟ್ಟು ಮತ್ತೆ ಹೋಗಿ ಕೇಳಿದೆ. ಒಲ್ಲೆ ಎಂದರೆ ಒಲ್ಲೆ. ಬರುತ್ತೇನೆಂದು ಒಂದು ಸಲ ಅಂದುಬಿಟ್ಟಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಅದನ್ನು ಇಳಿಸುವುದು ತಮ್ಮ ಕೆಲಸವಲ್ಲ ಎಂಬಂತೆ ಅಡಿಕೆ ಅಗಿಯುತ್ತ ಕೂತುಬಿಟ್ಟರು.

ಹೊರಡುವ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಮಾತ್ರ ಬಂದರು, ಕೋಲು ಊರಿಕೊಂಡು, ನನಗಿಂತ ಮುಂದೆ ಮುಂದೆ. ಹುಬ್ಬಳ್ಳಿ ಬಸ್ಸು ಬಂದು ನಿಲ್ಲುವುದರೊಳಗೆ ಮಂದಿ ಮುತ್ತಿದರು. ಎಲ್ಲರೂ ಮಾಡುವ ಹಾಗೆ ನಾನೂ ಕಿಟಕಿಯಿಂದ ಕೈ ಹಾಕಿ ಒಂದು ಸೀಟಿನ ಮೇಲೆ ಚೀಲ, ಪಕ್ಕದ ಸೀಟಿನ ಮೇಲೆ ಟವೆಲ್ಲು ಎಸೆದೆ. ಒಂದು ಸೀಟು ಸಾಕು ನಿನಗೆ ಎಂದರು ಮಾಸ್ತರು. ನಾನು ಹತ್ತಿ ಕೂತೆ. ಇಬ್ಬರು ಬಂದು ಕೇಳಿದರು, ಬರುವವರಿದ್ದಾರೆ ಎಂದು ಕಳಿಸಿದೆ. ಮಾಸ್ತರು ಕಿಟಕಿಯ ಕೆಳಗೆ ನಿಂತು, ಓದುವಾಗ ಅವಸರ ಮಾಡಬೇಡ, ಪೂರ್ಣವಿರಾಮ ಬಂದಲ್ಲಿ ಉಸಿರು ತಗೋ ಎಂದು ಹೇಳುತ್ತಲೇ ಇದ್ದರು. ಇಷ್ಟು ಹೇಳುವವರು ಹತ್ತಿ ಪಕ್ಕದಲ್ಲಿ ಕೂತು ಹೇಳಬಾರದೇ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು.

ಡ್ರೈವರು ಬಂದು ಕೂತ. ಕಂಡಕ್ಟರು ಸೀಟು ನೋಡುತ್ತ ಬಂದು ಟವೆಲ್ಲಿನ ಮೇಲೆ ಕೈಯಿಟ್ಟ.

“ಇಲ್ಲಿ ಯಾರರೆ ಬರೋರದಾರೇನ್ರಿ ಬಾಯಾರ?”

ಹಿಂದೆ ಧಾರವಾಡದವರಿಗೆ ನಾನು ಬರೆದ ಅದೇ ಮಾತು ನನ್ನ ಬಾಯಿಗೆ ಬಂತು. ನಾನು ಟವೆಲ್ಲು ಎತ್ತಿಕೊಂಡೆ.

“ಅವರ ಬರಂಗಿಲ್ಲ ಅಂದಾರ್ರಿ.”

ಕಿಟಕಿಯ ಕೆಳಗಿದ್ದ ಮಾಸ್ತರು ಹೌದೆಂದು ಕಂಡಕ್ಟರನಿಗೆ ತಲೆಯಾಡಿಸಿ, ನೀ ಯಾರ ಮಗ ಎಂದು ಕೇಳಿದರು.